ಗೋಣಿ ಮುಚ್ಚಿದ ಫಲಕ

ಫೆಬ್ರವರಿ ೯, ಸೋಮವಾರ

ಬರೆಯುವುದು ನನ್ನ ಕೆಲಸವಲ್ಲ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಮೇಷ್ಟರು ಬಳಪ ಕೊಟ್ಟರೆ ಬರೆಯುವ ಬದಲು ತಿನ್ನುತ್ತಿದ್ದೆ. ಈಗ ಈ ವಯಸ್ಸಿನಲ್ಲಿ, ಆಸ್ಪತ್ರೆಯ ಮಂಚದಲ್ಲಿ ಬಿದ್ದಿರುವ ನನ್ನ ಎದೆಯ ಮೇಲೆ ಒಂದು ನೋಟುಬುಕ್ಕು ಇಟ್ಟು ಸೊಸೆ ಹೇಳುತ್ತಾಳೆ, "ಅತ್ತೆ, ಬೇಕಾದ್ದು ಕೇಳೋಕೆ ಸ್ಲೇಟು, ಬೈಯೋಕೆ ಈ ಪುಸ್ತಕ. ಎಷ್ಟು ಬೇಕಾದ್ರೂ ಬೈರಿ, ಯಾರೂ ಓದಲ್ಲ." ಯಾರೂ ಓದದ ಬೈಗುಳ ಯಾವ ಸುಖಕ್ಕೆ? ಊಟಕ್ಕಿಲ್ಲದ ಉಪ್ಪಿನಕಾಯಿ.

ಗಂಟಲ ಒಳಗೆ ಸುಟ್ಟಿದೆಯಂತೆ. ಮೂರು ವಾರ ಒಂದು ಮಾತೂ ಆಡಬಾರದು, ಪಿಸುಗುಟ್ಟಲೂ ಬಾರದು ಎಂದು ಡಾಕ್ಟರು ಹೇಳಿದ್ದಾರೆ. ಅದನ್ನು ಕೇಳಿ ನನ್ನ ಮಗ ಹೊರಗೆ ಹೋಗಿ ನಕ್ಕ. ಕಿಟಕಿಯಲ್ಲಿ ಕಂಡಿತು.

ಆದದ್ದು ಇಷ್ಟು. ಹೆದ್ದಾರಿಯ ಪಕ್ಕದ ನಮ್ಮ ಹೋಟೆಲಿನ ಹಿಂದೆ ಲಾರಿ ನಿಲ್ಲುವ ಜಾಗವಿದೆ, ಒಂದು ನಲ್ಲಿಯಿದೆ. ಇಳಿಜಾರು ಇಳಿದು ಬಂದ ಲಾರಿಯ ಚಕ್ರ ಕಾದು ಹೊಗೆಯಾಡುವುದು ನಮ್ಮಲ್ಲಿ ದಿನದ ಮಾತು. ಡ್ರೈವರುಗಳು ಊಟಕ್ಕೆ ಕೂತಿರುತ್ತಾರೆ, ನಾನೇ ಹೋಗಿ ಒಂದು ಬಕೆಟ್ ನೀರು ಎರಚಿ ಬರುತ್ತೇನೆ. ಯಾರೂ ಹೇಳಬೇಕಾಗಿಲ್ಲ. ಶನಿವಾರ ಮಧ್ಯಾಹ್ನ ಒಂದು ಟ್ಯಾಂಕರಿನ ಹಿಂದಿನ ಚಕ್ರದ ಹತ್ತಿರ ಬಿಳಿ ಹೊಗೆ ಕಂಡಿತು. ಹಾಲಿನ ಟ್ಯಾಂಕರ್ ಇರಬೇಕು ಎಂದುಕೊಂಡು ಬಗ್ಗಿ ನೀರು ಎರಚಿದೆ. ಹೊಗೆ ಬರುತ್ತಿದ್ದದ್ದು ಚಕ್ರದಿಂದಲ್ಲ, ಕೆಳಗಿನ ಕೊಳಾಯಿಯಿಂದ ತೊಟ್ಟಿಕ್ಕಿ ನೆಲದಲ್ಲಿ ನಿಂತಿದ್ದ ಆಸಿಡ್ಡಿನಿಂದ. ಗಂಧಕದ ಆಸಿಡ್ಡಿನಲ್ಲೇ ಹೊಗೆಯಾಡುವ ಜಾತಿಯಂತೆ ಅದು. ನೀರು ಬಿದ್ದರೆ ಹುಚ್ಚು ಹಿಡಿಯುತ್ತದೆ. ಕಾದ ಎಣ್ಣೆಗೆ ನೀರು ಬಿದ್ದ ಹಾಗೆ ಸಿಡಿದು ಬಿಳಿ ಮೋಡವೇ ಎದ್ದಿತು. "ನೀರು ಬೇಡ ಅಜ್ಜೀ!" ಎಂದು ಡ್ರೈವರು ಎಂಜಲು ಕೈಯಲ್ಲೇ ಓಡಿ ಬಂದು ನನ್ನನ್ನು ಹಿಂದಕ್ಕೆ ಎಳೆದ. ಸಿಡಿದದ್ದು ಅವನ ಮುಖಕ್ಕೂ ಕೈಗಳಿಗೂ ಬಿತ್ತು, ಮೋಡ ನನ್ನ ಗಂಟಲಿಗೆ ಹೋಯಿತು.

ಅಂಥ ಟ್ಯಾಂಕರಿನ ಬೆನ್ನಿಗೆ ಅಪಾಯ ಎಂದು ತೋರಿಸುವ, ಮೂಲೆಯ ಮೇಲೆ ನಿಂತ ಚೌಕದ ಫಲಕ ಇರಬೇಕು. ಇತ್ತು. ಆ ಪುಣ್ಯಾತ್ಮ ಅದರ ಮೇಲೆ ಒದ್ದೆ ಗೋಣಿ ಹೊದೆಸಿದ್ದ. ಯಾಕೆಂದರೆ ನಮ್ಮ ಬಾಗಿಲಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿದ್ದೇನೆ: ಅಪಾಯದ ಟ್ಯಾಂಕರ್ ಇಲ್ಲಿ ನಿಲ್ಲಿಸಬಾರದು. ಓದಿಕೊಂಡೇ ಬಂದು ಕದ್ದು ನಿಲ್ಲಿಸಿದ್ದಾನೆ.

ಒಳಗೆ ಆಗ ಮಕ್ಕಳು ಮರಿ ಕಟ್ಟಿಕೊಂಡು ಎರಡು ಸಂಸಾರ ಊಟಕ್ಕೆ ಕೂತಿತ್ತು. ಗಾಳಿ ಆ ಕಡೆ ಬೀಸಿದ್ದರೆ? ನಾನು ನಿಶ್ಚಯ ಮಾಡಿದ್ದೇನೆ. ಮುಚ್ಚಿಟ್ಟ ವಿಷದ ಪಕ್ಕ ಕೂತು ನಮ್ಮ ರಸ್ತೆಯಲ್ಲಿ ಇನ್ನು ಯಾರೂ ತುತ್ತು ಎತ್ತಬಾರದು. ಅದು ಹೇಗೆ ಆಗುತ್ತದೋ ನೋಡಿಯೇ ಬಿಡುತ್ತೇನೆ.

ಕೈ ನೋಯುತ್ತಿದೆ. ಇಷ್ಟು ಬರೆದದ್ದು ಮೇಷ್ಟರಿಗೆ ಗೊತ್ತಾದರೆ ಸತ್ತಲ್ಲಿಂದ ಎದ್ದು ಬಂದಾರು.

ಫೆಬ್ರವರಿ ೧೦, ಮಂಗಳವಾರ

ಆ ಪುಣ್ಯಾತ್ಮನನ್ನು ನನ್ನ ಪಕ್ಕದ ಮಂಚಕ್ಕೇ ತಂದು ಹಾಕಿದ್ದಾರೆ. ಗಂಡಸರ ವಾರ್ಡಿನಲ್ಲಿ ಜಾಗ ಇಲ್ಲವಂತೆ. ನಡುವೆ ಒಂದು ಪರದೆ. ಮನುಷ್ಯ ಎಷ್ಟು ಉದ್ದ ಎಂದರೆ ಪಾದಗಳು ಮಂಚದಿಂದ ಆಚೆ ಬಂದು ಪರದೆಯ ಕೆಳಗೆ ನನ್ನ ಕಡೆ ಇಣುಕುತ್ತವೆ. ಉದ್ದಣ್ಣ ಎಂದು ಹೆಸರಿಟ್ಟೆ.

ಆಸಿಡ್ ಕಂಪನಿಯ ಮ್ಯಾನೇಜರು ಹಣ್ಣಿನ ಬುಟ್ಟಿ ಹಿಡಿದು ಬಂದಿದ್ದ. ಗಂಟಲು ಸುಟ್ಟವಳಿಗೆ ಸೇಬು! "ಅಮ್ಮ, ನಿಮಗೆ ಏನು ಬೇಕು ಹೇಳಿ" ಅಂದ. ಹೇಳುವುದು ಎಲ್ಲಿಂದ? ಸ್ಲೇಟಿನ ಮೇಲೆ ಬರೆದೆ: ಇವನನ್ನು ಕೆಲಸದಿಂದ ತೆಗೀರಿ. ಮ್ಯಾನೇಜರಿಗೆ ಬಹಳ ಹಿಡಿಸಿತು. "ಖಂಡಿತ ಅಮ್ಮ, ಖಂಡಿತ. ತಪ್ಪು ಪೂರ್ತಿ ಅವನದೇ" ಎಂದು ಪರದೆಗೆ ಕೇಳಿಸುವ ಹಾಗೆ ಅಂದ. ಪಾದಗಳು ನಿಧಾನವಾಗಿ ಒಳಗೆ ಹೋದವು.

ಚೆನ್ನಾಯಿತು.

ಫೆಬ್ರವರಿ ೧೧, ಬುಧವಾರ

ತಣ್ಣನೆ ಹಾಲು. ಮತ್ತೆ ತಣ್ಣನೆ ಹಾಲು. ನಾನೇನು ಕರುವಾ?

ಫೆಬ್ರವರಿ ೧೩, ಶುಕ್ರವಾರ

ಬೆಳಿಗ್ಗೆ ಪರದೆ ಮಾತಾಡಿತು.

"ಅಜ್ಜಿ, ಎದ್ದಿದ್ದೀರಾ?"

ನಾನು ಚಮಚದಿಂದ ಮಂಚಕ್ಕೆ ಒಂದು ಸಲ ಬಡಿದೆ.

"ಒಂದು ಸಲ ಅಂದ್ರೆ ಹೂಂ, ಎರಡು ಸಲ ಅಂದ್ರೆ ಊಹೂಂ ಅಂದ್ಕೊಳ್ತೀನಿ. ನನ್ನ ಮೇಲೆ ಸಿಟ್ಟು ಇದೆಯಾ?"

ಒಂದು ಸಲ. ಜೋರಾಗಿ.

"ಇರ್ಲಿ. ಇರಬೇಕಾದ್ದೇ. ಬಲಗಣ್ಣಿಗೆ ಬರೀ ಬೆಳಕು ಕಾಣುತ್ತೆ ಅಜ್ಜಿ, ಆಕಾರ ಕಾಣಲ್ಲ. ಡಾಕ್ಟರು ನೋಡೋಣ ಅಂತಾರೆ. ಅವರು ನೋಡ್ತಾರೆ, ನಾನು ನೋಡಬೇಕಲ್ಲ!" ತಾನೇ ನಕ್ಕ. ಆಮೇಲೆ, "ಅವತ್ತು ಬೆಳಿಗ್ಗೆಯಿಂದ ಎಲ್ಲೆಲ್ಲಿ ನಿಲ್ಲಿಸಿದೆನೋ ಅಲ್ಲೆಲ್ಲ ನಾಯಿ ಓಡಿಸಿದ ಹಾಗೆ ಓಡಿಸಿದ್ರು. ಒಬ್ಬ ಕಲ್ಲೇ ಎತ್ತಿಕೊಂಡ. ಫಲಕ ಹಾಕ್ಕೊಂಡು ನ್ಯಾಯವಾಗಿ ಹೋದ್ರೆ ಒಂದು ಲೋಟ ನೀರಿಗೂ ಗತಿ ಇಲ್ಲ. ಗೋಣಿ ಹಾಕಿದ್ರೆ, ಬನ್ನಿ ಸಾರ್, ಕೂತ್ಕೊಳ್ಳಿ ಸಾರ್. ನೀವೇ ಹೇಳಿ ಅಜ್ಜಿ, ಹೊಟ್ಟೆಗೆ ಫಲಕ ಓದೋಕೆ ಬರುತ್ತಾ?"

ಚಮಚವನ್ನು ಪರದೆಯ ಮೇಲಿಂದ ಅವನ ಕಡೆ ಎಸೆದೆ. ಅವನು ಅದನ್ನು ಪರದೆಯ ಕೆಳಗಿನಿಂದ ಹಿಂದಕ್ಕೆ ಕೊಟ್ಟ. ಎರಡೂ ಕೈಗೆ ಬಟ್ಟೆ ಸುತ್ತಿದ್ದಾರೆ, ಬೆರಳ ತುದಿಗಳು ಮಾತ್ರ ಕಾಣುತ್ತವೆ.

ಹೊಟ್ಟೆ ಹಸಿದವನೆಲ್ಲ ಕಳ್ಳನಾಗಬೇಕಾ? ಇದನ್ನು ಕೇಳಬೇಕಿತ್ತು. ಸ್ಲೇಟಿನಲ್ಲಿ ಬರೆದರೆ ಪರದೆಗೆ ಕಾಣುವುದಿಲ್ಲ.

ಫೆಬ್ರವರಿ ೧೫, ಭಾನುವಾರ

ಮನೆಗೆ ಬಂದೆ. ಮನೆ ಅಂದರೆ ಹೋಟೆಲಿನ ಮೇಲಿನ ಎರಡು ಕೋಣೆ. ಗಲ್ಲಾದ ಮೇಲೆ ಸೊಸೆ ಕೂತಿದ್ದಾಳೆ, ನನ್ನ ಕುರ್ಚಿಯಲ್ಲೇ, ನನಗಿಂತ ನೆಟ್ಟಗೆ. ಗಿರಾಕಿಗಳಿಗೆ ನಗುತ್ತಾಳೆ ಬೇರೆ. ನಕ್ಕರೆ ಗಿರಾಕಿ ತಲೆಯ ಮೇಲೆ ಕೂರುತ್ತಾನೆ ಎಂದು ಎಷ್ಟು ಸಲ ಹೇಳಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತೆ. ಕಣ್ಣಾರೆ ನೋಡಿದೆ. ಇಷ್ಟಾದ ಮೇಲೂ ಟ್ಯಾಂಕರುಗಳು ಬರುತ್ತಲೇ ಇವೆ, ಬೆನ್ನಿಗೆ ಗೋಣಿ ಹೊದ್ದುಕೊಂಡು, ಮದುವಣಗಿತ್ತಿ ಸೆರಗು ಎಳೆದುಕೊಂಡ ಹಾಗೆ. ಒಂದು ನಮ್ಮ ಹೋಟೆಲಿನ ಹಿಂದೆಯೇ ನಿಂತಿತ್ತು. ಸೊಸೆ ನೋಡಿರಲಿಲ್ಲ.

ಮಗ ಸಂಜೆ ರೈಲ್ವೆ ಯಾರ್ಡಿನ ಕೆಲಸ ಮುಗಿಸಿ ಬಂದ. ಅಲ್ಲಿ ವ್ಯಾಗನ್ ಸೇರಿಸುವುದು, ಹಳಿ ತಿರುಗಿಸುವುದು ಅವನ ಕೆಲಸ. ಅವನಿಗೆ ಒಂದೇ ಮಾತು. "ಮೊದಲು ಇದೇ ಆಸಿಡ್ಡು ರೈಲಲ್ಲಿ ಹೋಗ್ತಿತ್ತಮ್ಮ. ಏನಾದ್ರೂ ಆಗಿತ್ತಾ? ನಾವು ಅಂಥ ವ್ಯಾಗನ್‌ನ ಇಂಜಿನ್ ಪಕ್ಕಕ್ಕೆ ಕಟ್ಟೋದೇ ಇಲ್ಲ, ನಡುವೆ ಬೇರೆ ವ್ಯಾಗನ್ ಹಾಕ್ತೀವಿ. ಯಾರ್ಡಿಗೆ ಬೇಲಿ ಇದೆ, ಕಾವಲು ಇದೆ. ಈ ಲಾರಿಯೋರಿಗೆ ಏನಿದೆ? ಒಂದು ಗೋಣಿ ಇದೆ."

ಸ್ಲೇಟಿನಲ್ಲಿ ಬರೆದೆ: ಹಾಗಾದರೆ ರೈಲಿಗೇ ಹಾಕಲಿ, ನಮ್ಮ ರಸ್ತೆ ಬಿಡಲಿ.

"ಅದನ್ನೇ ನಾನೂ ಹೇಳೋದು" ಅಂದ. ಅಪ್ಪನಂತೆಯೇ. ಹೇಳುತ್ತಾನೆ, ಆಮೇಲೆ ಊಟ ಮಾಡಿ ಮಲಗುತ್ತಾನೆ.

ಫೆಬ್ರವರಿ ೧೬, ಸೋಮವಾರ

ಹೇಳಿಕೊಂಡು ಕೂತರೆ ಆಗುವುದಿಲ್ಲ. ಶಟರ್ ಎಳೆಯುವ ಕೊಕ್ಕೆಯ ಕೋಲು ತೆಗೆದುಕೊಂಡು ಹಿಂದಕ್ಕೆ ಹೋದೆ. ನಿಂತಿದ್ದ ಟ್ಯಾಂಕರಿನ ಗೋಣಿಗೆ ಕೊಕ್ಕೆ ಹಾಕಿ ಎಳೆದೆ. ಕೆಳಗೆ ಫಲಕ ಕಂಡಿತು, ಮೇಲೆ ಬಿಳಿ, ಕೆಳಗೆ ಕಪ್ಪು, ಕೈಯ ಮೇಲೆ ಹನಿ ಬಿದ್ದು ಕೈ ತೂತಾಗುವ ಚಿತ್ರ. ಅಕ್ಷರ ಬಾರದವನಿಗೂ ತಿಳಿಯುತ್ತದೆ.

ಡ್ರೈವರು ಓಡಿ ಬಂದ. ಗುಂಡಗೆ ಇರುವ ಚಿಕ್ಕ ವಯಸ್ಸಿನವನು, ಮದುವೆಯಾಗಿ ವರ್ಷವೂ ಆಗಿಲ್ಲ ಎಂದು ಆಮೇಲೆ ತಿಳಿಯಿತು. "ಏ ಅಜ್ಜಿ! ಏನ್ ಮಾಡ್ತಿದ್ದೀರಿ? ಅರ್ಧ ಊಟದಲ್ಲಿದ್ದೀನಿ!"

ನಾನು ರಸ್ತೆಯ ಕಡೆ ಕೋಲು ತೋರಿಸಿದೆ.

"ಎರಡೇ ನಿಮಿಷ ಕಣ್ಣು ಮುಚ್ಚಿ ಹೋಗ್ತೀನಿ. ಬೆಳಗಿನ ಜಾವದಿಂದ ಓಡಿಸ್ತಿದ್ದೀನಿ."

ಮತ್ತೆ ಕೋಲು ತೋರಿಸಿದೆ. ಗೊಣಗುತ್ತಾ ಹೋದ. ಗೋಣಿ ನನ್ನ ಬಳಿಯೇ ಉಳಿಯಿತು. ಚೆನ್ನಾದ ಗೋಣಿ, ಬಾಗಿಲಲ್ಲಿ ಕಾಲು ಒರೆಸಲು ಹಾಕಿದೆ.

ಸೊಸೆ, "ಅತ್ತೆ, ಮಾತಿಲ್ದೇನೇ ಇಷ್ಟು ಜಗಳ ಆಡ್ತೀರಲ್ಲ, ಮಾತು ಬಂದ್ರೆ ಏನು ಗತಿ" ಅಂದಳು.

ಫೆಬ್ರವರಿ ೧೭, ಮಂಗಳವಾರ

ಇವತ್ತು ಮತ್ತೆ ಗೋಣಿಗಳು ಸಿಕ್ಕವು. ಪಕ್ಕದ ಹೋಟೆಲಿನ ಗಡ್ಡದವನೂ ನನ್ನನ್ನು ನೋಡಿ ಕೋಲು ಹಿಡಿದಿದ್ದಾನೆ. ಅದರಾಚೆಯವರೂ ಶುರು ಮಾಡಿದ್ದಾರಂತೆ. ಸಂಜೆಯ ಹೊತ್ತಿಗೆ ರಸ್ತೆಯುದ್ದಕ್ಕೂ ಒಂದೂ ಟ್ಯಾಂಕರ್ ನಿಂತಿರಲಿಲ್ಲ. ಹತ್ತು ಜನ ಆಫೀಸರು ಹತ್ತು ವರ್ಷ ಮಾಡದ್ದನ್ನು ಒಂದು ಕೊಕ್ಕೆ ಮಾಡಿತು.

ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಬರುತ್ತದೆ ಅನ್ನಿಸುತ್ತಿದೆ.

ಫೆಬ್ರವರಿ ೧೯, ಗುರುವಾರ

ಮಗ ಮಧ್ಯಾಹ್ನವೇ ಬಂದ. ಮುಖ ಸುಣ್ಣದ ಹಾಗಿತ್ತು. ನೀರು ಕುಡಿದ, ಮತ್ತೆ ಕುಡಿದ, ಆಮೇಲೆ ಹೇಳಿದ.

ಯಾರ್ಡಿನ ಈಚೆ ರೈಲು ಹಳಿ ರಸ್ತೆಯನ್ನು ದಾಟುವಲ್ಲಿ ಗೇಟು ಇದೆ. ರೈಲು ಬರುವ ಹೊತ್ತು, ಗೇಟು ಹಾಕಿತ್ತು. ಒಂದು ಟ್ಯಾಂಕರ್ ನಿಧಾನವೂ ಮಾಡದೆ ಬಂದು ಗೇಟಿನ ಕಂಬಕ್ಕೆ ಗುದ್ದಿ, ಮೂತಿ ಹಳಿಯ ಮೇಲೆ ಇಟ್ಟು ನಿಂತಿತು. ಗೇಟಿನವನು ಕೆಂಪು ಬಾವುಟ ಹಿಡಿದು ಹಳಿಯ ಮೇಲೆ ಓಡಿದ. ಪ್ಯಾಸೆಂಜರ್ ರೈಲು ಅಷ್ಟು ದೂರದಲ್ಲಿ ನಿಂತಿತು. "ಅಷ್ಟು ದೂರ" ಎಂದು ಮಗ ಕೈಯಲ್ಲಿ ತೋರಿಸಿದ್ದು ನಮ್ಮ ಬೆಂಚಿನಿಂದ ನಲ್ಲಿಯ ತನಕ ಇರಬಹುದು. ಟ್ಯಾಂಕು ಒಡೆಯಲಿಲ್ಲ. ಒಡೆದಿದ್ದರೆ, ರೈಲಿನ ತುಂಬ ಜನ.

ಡ್ರೈವರು ನಿದ್ದೆ ಹೋಗಿದ್ದನಂತೆ. ಎರಡು ದಿನದಿಂದ ರಸ್ತೆಯಲ್ಲಿ ಎಲ್ಲೂ ನಿಲ್ಲಿಸಲು ಬಿಟ್ಟಿಲ್ಲವಂತೆ.

ಯಾರು ಎಂದು ಸ್ಲೇಟಿನಲ್ಲಿ ಕೇಳಿದೆ. "ಗುಂಡಗಿದ್ದಾನಮ್ಮ, ಸಣ್ಣ ವಯಸ್ಸು. ಕಾಲು ಮುರಿದಿದೆ. ಹೆಂಡತಿ ಬಂದು ಗೇಟಿನ ಹತ್ತಿರ ಕೂತಿದ್ಲು."

ತಪ್ಪು ಅವನದೇ. ನಿದ್ದೆ ಬಂದರೆ ಗಾಡಿ ನಿಲ್ಲಿಸಬೇಕು. ಹಾಗೆಂದು ಬರೆದು ತೋರಿಸಿದೆ.

"ಎಲ್ಲಿ ನಿಲ್ಲಿಸಬೇಕಿತ್ತು ಅತ್ತೆ?" ಅಂದಳು ಸೊಸೆ. ಅವಳಿಗೆ ಬಾಯಿ ಜಾಸ್ತಿ.

ರಾತ್ರಿ ಊಟ ಬೇಡ ಎಂದು ತಟ್ಟೆ ಸರಿಸಿದೆ. ಗಂಟಲು ನೋವು.

ಫೆಬ್ರವರಿ ೨೦, ಶುಕ್ರವಾರ

ಕೊಕ್ಕೆಯನ್ನು ಶಟರಿನ ಮೂಲೆಗೆ ಒರಗಿಸಿದೆ. ಬೆನ್ನು ನೋಯುತ್ತದೆ, ಅದಕ್ಕೆ.

ಫೆಬ್ರವರಿ ೨೨, ಭಾನುವಾರ

ಉದ್ದಣ್ಣನನ್ನು ಆಸ್ಪತ್ರೆಯಿಂದ ಬಿಟ್ಟಿದ್ದಾರೆ. ಕಂಪನಿಯಿಂದಲೂ ಬಿಟ್ಟಿದ್ದಾರೆ. ಬಲಗಣ್ಣಿಗೆ ಪಟ್ಟಿ ಕಟ್ಟಿಕೊಂಡು ನಮ್ಮ ಬೆಂಚಿನ ಮೇಲೆ ಬಂದು ಕೂತ. ಟ್ಯಾಂಕರು ಸೋರಿದ ಜಾಗ ಹೇಗಿದೆ ನೋಡಬೇಕಿತ್ತಂತೆ. ಅಲ್ಲಿ ನೆಲ ಕಪ್ಪಾಗಿ ಕರಕಲು ಬಿದ್ದಿದೆ, ಹುಲ್ಲು ಹುಟ್ಟುತ್ತಿಲ್ಲ. ಸೊಸೆ ಊಟ ಬಡಿಸಿದಳು. ಕೈಗೆ ಬಟ್ಟೆ ಸುತ್ತಿದೆಯಲ್ಲ, ಚಮಚ ಜಾರುತ್ತಿತ್ತು. ನೋಡಿ ನೋಡಿ ಸಾಕಾಗಿ ನಾನೇ ತಿನ್ನಿಸಿದೆ. ಅರ್ಧ ಅಂಗಿಯ ಮೇಲೆ ಚೆಲ್ಲಿಕೊಂಡರೆ ನಮ್ಮ ಹೋಟೆಲಿಗೆ ಕೆಟ್ಟ ಹೆಸರು.

ಅಷ್ಟರಲ್ಲಿ ಸರ್ಕಾರದ ಕಡೆಯಿಂದ ಅಪಘಾತ ವಿಚಾರಿಸುವ ಆಫೀಸರು ಬಂದಳು. ಹಳದಿ ಹೆಲ್ಮೆಟ್ಟಿನ ಹುಡುಗಿ. ಬಿಸಿಲಲ್ಲೂ ತೆಗೆಯುವುದಿಲ್ಲ. ಮಗನೂ ಇದ್ದ. ಮೂರೂ ಜನರಿಗೆ ಜಗಳ ಹತ್ತಿತು, ನಾನು ಬಾಯಿ ಮುಚ್ಚಿಕೊಂಡು ಕೇಳಬೇಕಾಯಿತು. ಹುಟ್ಟಿದ ಮೇಲೆ ಇದೇ ಮೊದಲು.

ಮಗ ಅಂದ, "ಎಲ್ಲ ಬಿಟ್ಟು ರೈಲಿಗೆ ಹಾಕಿ ಮೇಡಂ. ಮುಗೀತು."

ಉದ್ದಣ್ಣ ಅಂದ, "ಹಾಕಿ ತಮ್ಮ. ನಿಮ್ಮ ಯಾರ್ಡಿಗೆ ಬಂತು. ಅಲ್ಲಿಂದ ಕಾರ್ಖಾನೆಗೆ ಯಾರು ತರ್ತಾರೆ? ತಲೆ ಮೇಲೆ ಹೊತ್ಕೊಂಡು ಬರ್ತೀಯಾ? ಕೊನೆಗೆ ಅದು ನನ್ನ ಬೆನ್ನಿಗೇ ಬರ್ಬೇಕು."

"ನಿಮ್ಮ ಬೆನ್ನಿಗೆ ಗೋಣಿ ಬೇರೆ ಬರುತ್ತಲ್ಲ" ಅಂದ ಮಗ.

"ನಿಮ್ಮ ವ್ಯಾಗನ್ನು ಊರ ನಡುವೆ ವಾರಗಟ್ಟಲೆ ನಿಂತಿರ್ತಿತ್ತು. ಅದರ ನೆರಳಲ್ಲಿ ಹುಡುಗರು ಆಡ್ತಿದ್ರು. ಅದನ್ನ ನೋಡಿ ಊರೋರೇ ಅಲ್ವಾ ರೈಲು ಬೇಡ ಅಂತ ಗಲಾಟೆ ಮಾಡಿದ್ದು?"

ಅದು ನಿಜ.

ನಾನು ಸ್ಲೇಟಿನಲ್ಲಿ ಬರೆದೆ: ವಿಮಾನದಲ್ಲಿ ಹಾಕಿ.

ಹೆಲ್ಮೆಟ್ಟು ನಕ್ಕಳು. "ವಿಮಾನದೋರು ಇದನ್ನ ಹತ್ತಿಸ್ಕೊಳ್ಳೋದೇ ಇಲ್ಲ ಅಜ್ಜಿ. ನದಿಯಲ್ಲಿ ದೊಡ್ಡ ದೋಣಿ ಆದೀತು, ಒಂದೇ ಸಲಕ್ಕೆ ಎಷ್ಟೋ ಟ್ಯಾಂಕರಿನಷ್ಟು ಹಿಡಿಯುತ್ತೆ. ಆದ್ರೆ ಮುಳುಗಿದ್ರೆ ಕುಡಿಯೋ ನೀರೇ ಹೋಯ್ತು. ರೈಲಲ್ಲಿ ಅನಾಹುತ ಕಮ್ಮಿ, ಆಯ್ತು ಅಂದ್ರೆ ದೊಡ್ಡದು. ರಸ್ತೆಯಲ್ಲಿ ಚಿಕ್ಕದು, ಆದ್ರೆ ಜನರ ಮಧ್ಯೆ. ಯಾವುದೂ ಪೂರ್ತಿ ಒಳ್ಳೇದಲ್ಲ. ಉದ್ದದ ದಾರಿಗೆ ರೈಲಿಗೆ ಹಾಕಿ ಅಂತ ನಾನೂ ಬರೀತೀನಿ, ಅದಕ್ಕೆ ವರ್ಷಗಳು ಹಿಡಿಯುತ್ತೆ. ಆದ್ರೆ ಹೆಚ್ಚಿನ ಸಲ ಸೋರೋದು ಓಡ್ತಾ ಇರೋವಾಗ ಅಲ್ಲ ಅಜ್ಜಿ. ತುಂಬೋವಾಗ, ಇಳಿಸೋವಾಗ, ಸಿಕ್ಕ ಸಿಕ್ಕಲ್ಲಿ ನಿಲ್ಲಿಸಿದಾಗ."

ನಾನು ಬರೆದೆ: ಆಸ್ಪತ್ರೆಯಲ್ಲಿ ಇವನ ಕಣ್ಣಿಗೆ ಗಂಟೆಗಟ್ಟಲೆ ನೀರು ಬಿಟ್ಟರು. ನಾನು ಒಂದು ಬಕೆಟ್ ಹಾಕಿದ್ದು ಮಾತ್ರ ತಪ್ಪಾ?

"ಮೈಮೇಲೆ ಬಿದ್ರೆ ಬೇಕಾದಷ್ಟು ನೀರು ಬಿಡಬೇಕು, ಅದೇ ಔಷಧಿ. ನೆಲದ ಮೇಲಿರೋದಕ್ಕೆ ಮಾತ್ರ ನೀರು ತೋರಿಸಬಾರದು. ಅದನ್ನೂ ಫಲಕದ ಹತ್ತಿರ ಬರೆದಿರ್ತಾರೆ. ಗೋಣಿ ಇಲ್ಲದಿದ್ರೆ ನೀವು ನೋಡ್ತಿದ್ರಿ, ನೀರು ಎರಚ್ತಿರಲಿಲ್ಲ."

ನನ್ನ ಬಾಗಿಲಿನ ಬರಹ ಇಲ್ಲದಿದ್ದರೆ ಅವನು ಗೋಣಿ ಹಾಕುತ್ತಿರಲಿಲ್ಲ. ಇದನ್ನು ಅವಳು ಹೇಳಲಿಲ್ಲ. ಉದ್ದಣ್ಣನೂ ಹೇಳಲಿಲ್ಲ. ಸೊಸೆ ಕೂಡ, ಆಶ್ಚರ್ಯ, ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಫೆಬ್ರವರಿ ೨೩, ಸೋಮವಾರ

ಓಡಿಸಿದರೆ ನಿದ್ದೆಗಣ್ಣಲ್ಲಿ ಹೋಗಿ ಗುದ್ದುತ್ತಾರೆ. ಬಿಟ್ಟರೆ ಗೋಣಿ ಹಾಕಿ ಮಕ್ಕಳ ಪಕ್ಕ ನಿಲ್ಲಿಸುತ್ತಾರೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಬೇಕಾದ್ದು ಒಂದೇ. ಜನರಿಂದ ದೂರ ನಿಲ್ಲುವ ಜಾಗ. ಇದು ನನಗೆ ಮೊದಲಿನಿಂದ ಗೊತ್ತಿತ್ತು, ಯಾರೂ ಕೇಳಲಿಲ್ಲ ಅಷ್ಟೆ.

ನಮ್ಮ ಹಿತ್ತಲಾಚೆ ಹೊಲ ಇದೆಯಲ್ಲ, ಏನೂ ಬೆಳೆಯುತ್ತಿಲ್ಲ. ಅಲ್ಲೇ ನಿಲ್ಲಲಿ. ನಾಳೆ ಹೆಲ್ಮೆಟ್ಟಿಗೆ ತೋರಿಸುತ್ತೇನೆ.

ಫೆಬ್ರವರಿ ೨೪, ಮಂಗಳವಾರ

ಹೆಲ್ಮೆಟ್ಟು ಹೊಲ ನೋಡಿ ಆಗುವುದಿಲ್ಲ ಅಂದಳು.

ಮಗಳ ವಯಸ್ಸಿನವಳೂ ಅಲ್ಲ, ಮೊಮ್ಮಗಳಾಗಬೇಕು. ನಾನು ಭೂಮಿ ಕೊಡುತ್ತೇನೆ ಅಂದರೆ ಬೇಡ ಅನ್ನುತ್ತಾಳೆ! ಸ್ಲೇಟು ನೆಲಕ್ಕೆ ಬಿಸಾಡಿದೆ. ಅವಳು ಎತ್ತಿ, ಒರೆಸಿ, ಕೈಗೆ ಕೊಟ್ಟು, ಹೊಲದ ಮೂಲೆಯ ಬಾವಿ ತೋರಿಸಿದಳು. "ಒಂದು ಟ್ಯಾಂಕರ್ ಸೋರಿದ್ರೆ ಈ ಬಾವಿ ಹೋಯ್ತು ಅಜ್ಜಿ. ನೀವು ಇದೇ ನೀರಲ್ಲಿ ಅಡುಗೆ ಮಾಡೋದು."

ಅಷ್ಟು ವರ್ಷ ಆ ಬಾವಿಯಿಂದ ನೀರು ಸೇದಿದವಳು ನಾನು. ನನಗೆ ಹೊಳೆಯಲಿಲ್ಲ. ಹುಡುಗಿ ತನ್ನ ಕೆಲಸ ಬಲ್ಲಳು. ಹೆಲ್ಮೆಟ್ಟಿನ ಒಳಗೂ ಏನೋ ಇದೆ.

ಎಂಥ ಜಾಗ ಬೇಕು ಎಂದು ಕೇಳಿದೆ. ಅವಳು ಹೇಳಿದಳು: ಮನೆ, ಬಾವಿ, ಹಳ್ಳ ಹತ್ತಿರ ಇರಬಾರದು. ನೆಲಕ್ಕೆ ಕಾಂಕ್ರೀಟು. ಸೋರಿದ್ದು ಆಚೆ ಹರಿಯದ ಹಾಗೆ ಸುತ್ತ ಗಿಡ್ಡ ಗೋಡೆ. ಒಣ ಮರಳು. ಮೈ ತೊಳೆಯಲು ನೀರು. ಮಲಗಲು ನೆರಳು. ಒಬ್ಬ ಕಾವಲಿನವನು.

ಜೊತೆಗೆ ಬಂದಿದ್ದ ಉದ್ದಣ್ಣ ತಲೆ ಕೆರೆದುಕೊಂಡು, "ಹಳೇ ಇಟ್ಟಿಗೆ ಗೂಡಿನ ಬಯಲು?" ಅಂದ.

ಎಲ್ಲರೂ ಅವನನ್ನೇ ನೋಡಿದೆವು. ಇಲ್ಲಿಂದ ನಡೆದು ಹೋಗುವಷ್ಟು ದೂರ. ಒಂದು ಮನೆ ಇಲ್ಲ, ಬಾವಿ ಇಲ್ಲ. ಸುತ್ತ ತಂತಿ ಬೇಲಿ, ಗೇಟಿಗೆ ಬೀಗ. ಬೀಗ ಯಾರದ್ದು? ಆಸಿಡ್ ಕಂಪನಿಯದ್ದೇ. ಗೋದಾಮು ಕಟ್ಟುತ್ತೇವೆಂದು ಕೊಂಡು ಹಾಗೇ ಬಿಟ್ಟಿದ್ದಾರೆ.

ಮನೆಯಲ್ಲೇ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರಂತೆ.

ಫೆಬ್ರವರಿ ೨೮, ಶನಿವಾರ

ಡಾಕ್ಟರು ಮಾತಾಡಬಹುದು ಅಂದರು, ಸ್ವಲ್ಪ ಸ್ವಲ್ಪ, ಮೆಲ್ಲಗೆ. ಧ್ವನಿ ತುಕ್ಕು ಹಿಡಿದ ಗೇಟು ತೆಗೆದ ಹಾಗಿದೆ. ಹಾಗಿರಲಿ, ಗೇಟು ತೆಗೆಯುವುದೇ ಕೆಲಸ.

ರಸ್ತೆಯ ಹೋಟೆಲಿನವರನ್ನೆಲ್ಲ ನಮ್ಮಲ್ಲಿ ಸೇರಿಸಿದೆ. ಗಡ್ಡದವನು ಬಾಗಿಲಲ್ಲೇ ನಿಂತು ಶುರು ಮಾಡಿದ. "ಅಜ್ಜಿ, ನೀವೇ ಕೊಕ್ಕೆ ಹಿಡಿದ್ರಿ. ನಿಮ್ಮನ್ನ ನೋಡಿ ನಾವೂ ಹಿಡಿದ್ವಿ. ಈಗ ನೀವೇ ಅವರಿಗೆ ಜಾಗ ಕೊಡಿ ಅಂತೀರಾ? ಗಂಟಲು ಸುಟ್ಟಿದ್ದಾ, ತಲೆ ಸುಟ್ಟಿದ್ದಾ?"

ಹಿಂದಿನ ನಾನಾಗಿದ್ದರೆ ಅವನ ಗಡ್ಡ ಕೈಯಲ್ಲಿ ಇರುತ್ತಿತ್ತು. ಆದರೆ ಮಾತು ಲೆಕ್ಕ ಇಟ್ಟು ಆಡಬೇಕಲ್ಲ, ಕಾದೆ. ಅವನು ಎಲ್ಲ ಹೇಳಿ ಮುಗಿಸಿದ. ಅವನ ಮಗಳು ಅದೇ ಪ್ಯಾಸೆಂಜರ್ ರೈಲಿನಲ್ಲಿ ದಿನಾ ಕಾಲೇಜಿಗೆ ಹೋಗುತ್ತಾಳಂತೆ. ಆ ದಿನವೂ ಹೋಗಿದ್ದಳಂತೆ. ಅದಕ್ಕೇ ಆ ಟ್ಯಾಂಕರುಗಳ ಹೆಸರು ಎತ್ತಬೇಡಿ ಅನ್ನುತ್ತಾನೆ.

ನಾನು ಕೇಳಿದೆ, "ನಿನ್ನ ಮಗಳ ರೈಲಿಗೆ ಮೂತಿ ಇಟ್ಟವನನ್ನ ಆ ವಾರ ಎಷ್ಟು ಹೋಟೆಲಿಂದ ಓಡಿಸಿದ್ವಿ?"

ಅವನು ಬಾಗಿಲ ಚೌಕಟ್ಟಿಗೆ ಒರಗಿದ.

"ನಾನು ಮೊದಲು ಓಡಿಸಿದ್ದು. ನೀನು ಆಮೇಲೆ" ಅಂದೆ. "ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ್ರೆ ಆಗಲ್ಲಪ್ಪ. ಬರೋದು ಬಂದೇ ಬರುತ್ತೆ. ಕಣ್ಣಿಗೆ ಕಾಣೋ ಹಾಗೆ, ದೂರದಲ್ಲಿ ನಿಲ್ಲಲಿ. ಊಟ ನಾವೇ ಬಯಲಿಗೆ ಕಳಿಸೋಣ."

"ಬಯಲಿಗೆ ಊಟ ಯಾರು ಹೊರ್ತಾರೆ?"

"ನೀನು. ಹೊಟ್ಟೆ ಕರಗುತ್ತೆ."

ಎಲ್ಲರೂ ನಕ್ಕರು. ಗಡ್ಡದವನು ನಗಲಿಲ್ಲ, ಆದರೆ ಒಳಗೆ ಬಂದು ಕೂತ. ಚಹಾ ಕೇಳಿದ. ಸಕ್ಕರೆ ಹೆಚ್ಚು ಹಾಕಿ ಕೊಟ್ಟಳು ಸೊಸೆ. ಇವಳ ನಗು ಕೆಲವು ಕಡೆ ಕೆಲಸಕ್ಕೆ ಬರುತ್ತದೆ.

ಮಾರ್ಚ್ ೧, ಭಾನುವಾರ

ಉದ್ದಣ್ಣ ಡ್ರೈವರುಗಳ ಹತ್ತಿರ ಮಾತಾಡಿ ಬಂದ. ಅವರೂ ಒಂದು ಮಾತಿಗೆ ಬಂದಿದ್ದಾರೆ. ಗೋಣಿ ಬಿಡುತ್ತಾರೆ. ಆದರೆ ನಿಲ್ಲುವ ಜಾಗ ತೋರಿಸದೆ ಇನ್ನು ಆಸಿಡ್ ತುಂಬಿದ ಟ್ಯಾಂಕರಿನ ಕೀಲಿ ತಿರುಗಿಸುವುದಿಲ್ಲ.

"ನಿನಗೇನು ಲಾಭ? ನಿನ್ನನ್ನ ತೆಗೆದು ಹಾಕಿದ್ದಾರಲ್ಲ" ಅಂದೆ.

"ಅಭ್ಯಾಸ ಅಜ್ಜಿ. ಟ್ಯಾಂಕರ್ ಕಂಡ್ರೆ ಸುಮ್ನೆ ಇರ್ಲಿಕ್ಕೆ ಆಗಲ್ಲ. ನಿಮಗೆ ಬಕೆಟ್ ಇದ್ದ ಹಾಗೆ."

ಅವನ ತಲೆಗೆ ಒಂದು ಮೊಟಕಿದೆ, ಕಣ್ಣಿಗೆ ತಾಗದ ಹಾಗೆ.

ಮಾರ್ಚ್ ೪, ಬುಧವಾರ

ಮ್ಯಾನೇಜರನ್ನು ಅವನ ಆಫೀಸಿನಲ್ಲೇ ಹಿಡಿದೆವು. ನಾನು, ಗಡ್ಡದವನು, ಉದ್ದಣ್ಣ, ಮಗ. ಮಗ ರಜೆ ಹಾಕಿ ಬಂದಿದ್ದ, ಹೇಳದೆ. ಹೆಲ್ಮೆಟ್ಟು ಬಯಲನ್ನು ಅಳೆದು, ನೋಡಿ, ಇಲ್ಲಿ ಆಗುತ್ತದೆ ಎಂದು ತನ್ನ ಇಲಾಖೆಗೂ ಇವನಿಗೂ ಮೊದಲೇ ತಿಳಿಸಿದ್ದಳು. ಅವಳ ಕೈಲಾದದ್ದು ಅಷ್ಟು. ಬೀಗ ತೆಗೆಯಬೇಕಾದವನು ಇವನು.

ತಣ್ಣಗಿನ ಕೋಣೆ, ಮೆತ್ತನೆ ಕುರ್ಚಿ. ಕೂರಲಿಲ್ಲ.

"ಅಮ್ಮ, ನಿಮ್ಮ ಮಾತಿಗೆ ಬೆಲೆ ಕೊಟ್ಟು ಇವನನ್ನ ಆಗಲೇ ತೆಗೆದಿದ್ದೀವಿ" ಅಂದ ಮ್ಯಾನೇಜರು. "ನೀವೇ ಸ್ಲೇಟಲ್ಲಿ ಬರೆದಿದ್ರಲ್ಲ?"

"ಸ್ಲೇಟಲ್ಲಿ ಬರೆಯೋದು ಒರೆಸೋದಕ್ಕೇ ಅಪ್ಪ. ಒರೆಸಿ ಆಯ್ತು. ನೀನೂ ಒರೆಸು."

"ಗೋಣಿ ಹಾಕಿದ್ದು ಇವನ ತಪ್ಪಲ್ವಾ?"

"ಹೌದು, ತಪ್ಪೇ" ಅಂದ ಉದ್ದಣ್ಣ, ನಾನು ಬಾಯಿ ತೆರೆಯುವ ಮೊದಲೇ. "ಒಂದು ಕಣ್ಣು ಕೊಟ್ಟಿದ್ದೀನಿ ಸಾರ್ ಅದಕ್ಕೆ. ನೀವು ಒಂದು ಬೀಗ ಕೊಡಿ."

ಮ್ಯಾನೇಜರು ಕಾಗದ ಜೋಡಿಸಿದ, ಮತ್ತೆ ಜೋಡಿಸಿದ. ಬಯಲು ಬೇರೆ ಕೆಲಸಕ್ಕೆ ಇದೆ ಅಂದ. ಮೇಲಿನವರನ್ನು ಕೇಳಬೇಕು ಅಂದ. ಪರಿಶೀಲಿಸೋಣ ಅಂದ. ಪರಿಶೀಲಿಸೋಣ ಅನ್ನುವ ಮಾತು ನನಗೆ ಗೊತ್ತು. ಅದು ಮೊಟ್ಟೆ ಇಡದ ಕೋಳಿ, ಕೂಗುತ್ತದೆ ಅಷ್ಟೆ. ಕಿಟಕಿಯ ಹೊರಗೆ ಅಂಗಳದಲ್ಲಿ ಟ್ಯಾಂಕರುಗಳು ಸಾಲಾಗಿ ನಿಂತಿದ್ದವು, ತುಂಬಿಸಿಕೊಂಡು, ಒಂದರ ಮೇಲೂ ಗೋಣಿ ಇಲ್ಲದೆ. ಡ್ರೈವರುಗಳು ಕೆಳಗಿಳಿದು ಬಿಸಿಲಲ್ಲಿ ಕೈಕಟ್ಟಿ ನಿಂತಿದ್ದರು. ಗುಂಡಗಿನವನೂ ಬಂದಿದ್ದ, ಕಂಕುಳಲ್ಲಿ ಕೋಲು, ಪಕ್ಕದಲ್ಲಿ ಹೆಂಡತಿ. ಯಾರೂ ಕೂಗುತ್ತಿರಲಿಲ್ಲ.

ಕೂಗಬೇಕು ಅನ್ನಿಸಿತು ನನಗೆ. ಆಗುವುದಿಲ್ಲವಲ್ಲ. ಮೇಜಿನ ಮೇಲೆ ಎರಡೂ ಕೈ ಊರಿ, ಅವನು ಬಗ್ಗಿ ಕೇಳಿಸಿಕೊಳ್ಳಬೇಕಾಗುವಷ್ಟು ಮೆಲ್ಲಗೆ ಹೇಳಿದೆ.

"ಇಟ್ಟಿಗೆ ಗೂಡಿನ ಬಯಲಿನ ಗೇಟು ತೆಗಿ. ನೆಲಕ್ಕೆ ಕಾಂಕ್ರೀಟು, ಸುತ್ತ ಗೋಡೆ, ಮರಳು, ನೀರು, ಮಲಗೋಕೆ ನೆರಳು. ಕಾವಲಿಗೆ ಇವನೇ ಇರ್ತಾನೆ, ಒಂದು ಕಣ್ಣು ಸಾಕು. ಊಟ ನಾವು ನೋಡ್ಕೊಳ್ತೀವಿ. ಅಲ್ಲಿಯವರೆಗೆ ಆ ಟ್ಯಾಂಕರುಗಳು ನಿನ್ನ ಅಂಗಳದಲ್ಲೇ, ನಿನ್ನ ಕಿಟಕಿ ಕೆಳಗೇ ಇರ್ತವೆ. ಮೇಲಿನವರನ್ನ ಕೇಳು, ಕೆಳಗಿನವರನ್ನ ಕೇಳು, ಯಾರನ್ನ ಬೇಕಾದ್ರೂ ಕೇಳು. ಪರಿಶೀಲನೆ ಬೇಡ. ಹೂಂ ಅಥವಾ ಊಹೂಂ. ಬರಹದಲ್ಲಿ ಕೊಡು, ಈ ತಿಂಗಳ ಹದಿನಾಲ್ಕು, ಶನಿವಾರ, ಮಧ್ಯಾಹ್ನದ ಒಳಗೆ."